ಹತ್ತು ಗಂಟೆಯ ಮಿಡಿತ

ಭೂಮಿಯ ಕಾಂತಬಲ ಅಳೆಯುವ ಆ ಕೋಣೆಗೆ ಕಬ್ಬಿಣ ಸೇರಿದರೆ ಯಂತ್ರ ಸುಳ್ಳು ಹೇಳುತ್ತದೆ. ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಕಬ್ಬಿಣದ ಕೊಂಡಿಯ ಬೆಲ್ಟನ್ನು ಹೊರಗಿಟ್ಟು, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇಪ್ಪತ್ತೆಂಟು ವರ್ಷ ದುಡಿದವನು. ಹೊಸದಾಗಿ ಬಂದ ವಿಜ್ಞಾನಿಗೆ ಆ ನಿಯಮವಿರಲಿಲ್ಲ, ದೊಡ್ಡವರಲ್ಲವೇ. ದಿನಾ ಹತ್ತು ಗಂಟೆಗೆ ಅವರು ಒಳಗೆ ಕಾಲಿಟ್ಟೊಡನೆ ಯಂತ್ರ ಕಾಗದದ ಮೇಲೆ ಎಳೆಯುವ ಗೆರೆ ನೆಗೆಯುತ್ತಿತ್ತು. ಆಕಾಶದ ಮೇಲ್ಪದರವಾದ ಅಯಾನುಗೋಳದ ಹೊಸ ಮಿಡಿತ ಸಿಕ್ಕಿತೆಂದು ಅವರು ಪ್ರಬಂಧ ಬರೆದರು.

"ಸಾರ್, ಅದು ನಿಮ್ಮ ಜೇಬಲ್ಲಿರೋ ಬೀಗದ ಕೈ ಗೊಂಚಲು," ಎಂದ ಮೆಕ್ಯಾನಿಕ್.

"ಸ್ಪ್ಯಾನರ್ ಹಿಡಿಯೋನಿಗೆ ಆಕಾಶದ ಉಸಾಬರಿ ಯಾಕಯ್ಯ?"

ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ತನ್ನದೇ ತಪ್ಪೆಂದುಕೊಂಡು ಅವನು ಪ್ಯಾಂಟನ್ನು ಮೇಲೆಳೆದುಕೊಂಡು ಕೆಲಸಕ್ಕೆ ತಿರುಗಿದ.

ಪ್ರಬಂಧಕ್ಕೆ ಪ್ರಶಸ್ತಿಯೂ ಬಂತು. ಅದನ್ನು ತರಲು ಗೊಂಚಲಿನ ಸಮೇತ ಅವರು ಊರು ಬಿಟ್ಟ ನಾಲ್ಕು ದಿನವೂ ಗೆರೆ ನೆಟ್ಟಗಿತ್ತು. ಮೆಕ್ಯಾನಿಕ್ ದಿನಚರಿ ಪುಸ್ತಕದಲ್ಲಿ ಬರೆದ: "ಸಾಹೇಬರು ರಜೆ. ಆಕಾಶವೂ ರಜೆ."