ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ಮದ್ರಾಸಿನ ಪ್ಯಾರೀಸ್ ಕಾರ್ನರ್ ಹತ್ತಿರದ ನಮ್ಮ ವಿಮಾ ಕಚೇರಿಗೆ ಕಂಪ್ಯೂಟರ್ ಬಂದ ವರ್ಷ ಎಲ್ಲರಿಗೂ ತಲೆ ಕೆಟ್ಟಿತ್ತು. ಯಂತ್ರ ನಿಂತರೆ ಕ್ಯೂನಲ್ಲಿದ್ದವರು ಬೈಯುತ್ತಿದ್ದದ್ದು ಯಂತ್ರವನ್ನಲ್ಲ, ನಮ್ಮನ್ನು. ಊಟದ ಡಬ್ಬಿ ಮುಚ್ಚಿದ ಮೇಲೆ ನಾವು ಕೆಲವು ಕ್ರೈಸ್ತ ಹೆಂಗಸರು ಹಳೆಯ ಫೈಲುಗಳ ಕೋಣೆಯಲ್ಲಿ ಸೇರುತ್ತಿದ್ದೆವು. ಒಬ್ಬೊಬ್ಬರೂ ತಮ್ಮ ಭಾರ ಹೇಳಿಕೊಳ್ಳುವುದು, ಉಳಿದವರು ಅದಕ್ಕಾಗಿ ಗಟ್ಟಿಯಾಗಿ ಪ್ರಾರ್ಥಿಸುವುದು ನಮ್ಮ ಪದ್ಧತಿ. ಅದೊಂದು ಇರದಿದ್ದರೆ ನಾನಂತೂ ಮ್ಯಾನೇಜರರ ಮೇಲೆ ಪೇಪರ್‌ವೇಟ್ ಎಸೆದಿರುತ್ತಿದ್ದೆ.

ಕ್ಯಾಶ್ ಕೌಂಟರಿನ ಹುಡುಗಿ ಪೆರಂಬೂರಿನ ರೈಲ್ವೆ ನೌಕರರೊಬ್ಬರ ಮಗಳು, ನನ್ನ ಹಾಗೆ ಕನ್ನಡದವಳು. ಆ ಕೌಂಟರ್ ಅವಳ ಹೆಮ್ಮೆ. ಒಂದು ದಿನ ಪ್ರಾರ್ಥನೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ನನ್ನ ಕೈ ಹಿಡಿದಳು.

"ಅಕ್ಕಾ, ಕ್ಯೂ ನೋಡಿದ್ರೆ ರೊಂಬ ಭಯ ಆಗತ್ತೆ, ಕೈ ನಡುಗತ್ತೆ. ಮನಸಿನ ಡಾಕ್ಟರ್ ಹತ್ರ ಹೋಗ್ತಾ ಇದೀನಿ. ಮಾತ್ರೆ ತಗೊಂಡ್ಮೇಲೆ ಪರವಾಗಿಲ್ಲ. ಯಾರ ಹತ್ರಾನೂ ಹೇಳ್ಬೇಡಿ, ಜೆಪ ಮಾಡಿ ಸಾಕು."

ಪ್ರಾರ್ಥನೆ ಮಾಡಿದೆ. ಭಾನುವಾರ ನಮ್ಮ ಚರ್ಚಿನ ಕನ್ನಡ ಸಭೆಯಲ್ಲಿ ಪಾದ್ರಿ ಅಯ್ಯನವರು ಪ್ರಾರ್ಥನೆಯ ವಿಜ್ಞಾಪನೆಗಳಿದ್ದರೆ ಹೇಳಿ ಎಂದಾಗ ಎದ್ದು ನಿಂತು, ನಮ್ಮ ಕ್ಯಾಶ್ ಕೌಂಟರಿನ ಒಬ್ಬ ಸಹೋದರಿ ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾಳೆ, ಅವಳಿಗೋಸ್ಕರ ಬೇಡಿಕೊಳ್ಳಿ ಎಂದೆ. ಅವಳ ಚರ್ಚು ಬೇರೆ; ಆದರೂ ಹೆಸರು ಹೇಳಲಿಲ್ಲ. ಆ ಕೌಂಟರಿನಲ್ಲಿ ಇದ್ದವಳು ಅವಳೊಬ್ಬಳೇ ಎಂಬುದು ನನ್ನ ಭಕ್ತಿಗೆ ಹೊಳೆಯಲಿಲ್ಲ. ಸಭೆಯೆಲ್ಲ ಆಮೆನ್ ಅಂದಾಗ ನನ್ನ ಕಣ್ಣು ತುಂಬಿ, ದೊಡ್ಡ ಉಪಕಾರ ಮಾಡಿದೆನೆಂದು ಸಂತೋಷಪಟ್ಟೆ.

ಹಿಂದಿನ ಬೆಂಚಿನಲ್ಲಿ ನಮ್ಮ ಮೇಲಿನ ಕಚೇರಿಯ ಹಿರಿಯ ಅಧಿಕಾರಿಯೊಬ್ಬರಿದ್ದರು. ಒಳ್ಳೆಯ ಮನುಷ್ಯ. ಪಾಪ, ಹುಡುಗಿಗೆ ಒತ್ತಡ ಬೇಡವೆಂದು ಯಾರಿಗೋ ಹೇಳಿ ಅವಳನ್ನು ಕೌಂಟರಿನಿಂದ ತೆಗೆಸಿ ಟಪಾಲು ವಿಭಾಗಕ್ಕೆ ಹಾಕಿಸಿದರು. ಅದರ ಕಾರಣವೂ ಕಚೇರಿಯೆಲ್ಲ ಹರಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವಳು ಅನುಮಾನಿಸಿದ್ದು ನನ್ನನ್ನಲ್ಲ, ಡಾಕ್ಟರನ್ನು. ಅಲ್ಲಿಗೆ ಹೋಗುವುದನ್ನೂ ಮಾತ್ರೆಯನ್ನೂ ಬಿಟ್ಟಳು. "ನಿಮ್ಮನ್ನ ಬಿಟ್ರೆ ಇಲ್ಲಿ ಯಾರನ್ನ ನಂಬೋದು ಅಕ್ಕಾ?" ಎನ್ನುತ್ತಾ ಪ್ರಾರ್ಥನೆಗೆ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಹಿಡಿದ ಕೈ ಮತ್ತೆ ನಡುಗುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಆದರೂ ಕೆಲವು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬೀಗ ಬೇಕಿದ್ದಾಗ ಹಾಕಲಿಲ್ಲ ನೋಡಿ. ಅನ್ನ ಸೇರುತ್ತಿರಲಿಲ್ಲ, ಬೈಬಲ್ ತೆರೆಯಲು ನಾಚಿಕೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳ ಕೈಯಿಂದ ಟಪಾಲಿನ ಕಟ್ಟು ಜಾರಿ ಮೆಟ್ಟಿಲ ತುಂಬಾ ಚೆಲ್ಲಿತು. ಇಬ್ಬರೂ ಕೂತು ಆಯುತ್ತಿದ್ದಾಗ ತಡೆಯಲಾಗಲಿಲ್ಲ.

"ಡಾಕ್ಟರಲ್ಲ ಕಣೇ, ಹೇಳಿದ್ದು ನಾನು. ಚರ್ಚಲ್ಲಿ ನಿನಗೋಸ್ಕರ ಪ್ರಾರ್ಥನೆ ಕೇಳ್ಕೊಂಡೆ. ದಮ್ಮಯ್ಯ, ಮತ್ತೆ ಅವರ ಹತ್ರ ಹೋಗು."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಲಕೋಟೆಗಳನ್ನೆಲ್ಲ ಜೋಡಿಸಿಕೊಂಡು ಎದ್ದಳು.

"ಹೋಗ್ತೀನಿ," ಎಂದಳು. ಇಳಿಯುತ್ತಾ ಒಮ್ಮೆ ತಿರುಗಿದಳು. "ನನಗೋಸ್ಕರ ಜೆಪ ಮಾಡೋದು ಬಿಡಬೇಡಿ ಅಕ್ಕಾ. ಆದ್ರೆ ದೇವರಿಗೆ ಮಾತ್ರ ಕೇಳೋ ಹಾಗೆ ಮಾಡಿ."