ನೀಲಿ ಚರ್ಚಿನ ಗುರುತು

ಅವರ ಎಡಗೈ ಹೆಬ್ಬೆರಳಿನ ಉಗುರು ದಿನಕ್ಕೊಂದು ಬಣ್ಣದಲ್ಲಿರುತ್ತಿತ್ತು. ಕಟ್ಟಿಗೆಯ ಹಣ್ಣು, ತರಕಾರಿ, ಗಿಳಿಗಳಿಗೆ ಬಣ್ಣ ಬಳಿಯುವ ಮೊದಲು ಆ ಉಗುರಿನ ಮೇಲೆ ಒಂದು ಗೆರೆ ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹೈಸ್ಕೂಲು ಓದಲು ಮೂಡಲಗಿಯಿಂದ ಗೋಕಾಕಕ್ಕೆ ಬಂದ ನಾನು ಅವರ ಮನೆಯ ಹೊರಗಿನ ಕೋಣೆಯಲ್ಲಿದ್ದೆ. ದಿನಚರಿಯಲ್ಲಿ ತಾರೀಖಿನ ಪಕ್ಕ ಅಂದಿನ ಉಗುರಿನ ಬಣ್ಣವನ್ನೂ ಬರೆಯುತ್ತಿದ್ದೆ. ಒಂದು ವರ್ಷದಲ್ಲಿ ಹಳದಿ ತೊಂಬತ್ತೊಂದು ದಿನ, ಕೆಂಪು ಎಂಬತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸದಾ ಬರೆಯುತ್ತಿದ್ದ ನನ್ನನ್ನು ಅವರು ಕಾರಕೂನ, ಅಂದರೆ ಗುಮಾಸ್ತ, ಎನ್ನುತ್ತಿದ್ದರು.

ಆಗ ಗೋವಾ ಪೋರ್ಚುಗೀಜರದು. ಕಾಕಾನ ಹುಕ್ಕೇರಿಯ ಅಳಿಯ ಅಲ್ಲಿಯ ಅದಿರಿನ ಗಣಿಗೆ ಕೂಲಿಗೆ ಹೋಗಿ, ಹೆಂಡತಿಯನ್ನೂ ಕರೆಸಿಕೊಂಡಿದ್ದ. ಕಾಕಾಗೆ ಅವಳೊಬ್ಬಳೇ ಮಗಳು. ಅವರಿಗೆ ಅಕ್ಷರವೂ ಬರುತ್ತಿರಲಿಲ್ಲ, ಕೊಂಕಣಿಯೂ ಬರುತ್ತಿರಲಿಲ್ಲ. ಮೊದಲ ಸಲ ಅಳಿಯನ ಜೊತೆ ಹೋದಾಗ ದಾರಿಯನ್ನು ಕಣ್ಣಲ್ಲಿ ತುಂಬಿಕೊಂಡು ಬಂದು, ಬೆರಳುದ್ದದ ಗುರುತುಗಳನ್ನು ಕೆತ್ತಿದರು: ಬಸ್ಸು, ಮೀನು, ದೋಣಿ, ಒಂದೇ ಗೋಪುರದ ನೀಲಿ ಚರ್ಚು. ಮಗಳಿದ್ದ ಚಾಳು, ಗಣಿ ಕೂಲಿಗಳ ಸಾಲುಮನೆ, ಆ ಚರ್ಚಿನ ಹಿಂದೆ. ಎರಡನೆಯ ಸಲ ಒಬ್ಬರೇ ಹೋಗಿ ಬಂದರು.

“ಮೀನ ತೋರಿಸಿದೆ, ಸಂತಿಗೆ ಬಿಟ್ರು. ದೋಣಿ ತೋರಿಸಿದೆ, ಹೊಳಿಗೆ ಬಿಟ್ರು. ಮಾತ ಯಾಕ ಬೇಕ?”

“ಮೀನಾ ತಿನ್ನದ ಮಂದಿ, ನೀವು ಮೀನಾ ಮುಟ್ಟಿದ್ರೇನ್ರಿ ಕಾಕಾ?”

“ಕಟ್ಟಿಗಿ ಮೀನಲೇ ಅದು. ವಾಸನಿ ಬರಂಗಿಲ್ಲ.”

ಮರುವರ್ಷ ಅಳಿಯ ಯಾರಿಂದಲೋ ಬರೆಸಿದ ಪತ್ರ ಬಂತು. ಕೂಸು ಉಳಿಯಲಿಲ್ಲ, ಬಾಣಂತಿಗೆ ಜ್ವರ ಬಿಡುತ್ತಿಲ್ಲ, ಕೂಡಲೇ ಬನ್ನಿ. ಪತ್ರ ತಲುಪಲು ಒಂಬತ್ತು ದಿನ ಹಿಡಿದಿತ್ತು. ಕಾಕಾ ಚೀಲ ಹಿಡಿದು ಹೊರಟಾಗ ನಾನೂ ಜೊತೆಗೆ ಹೊರಟೆ. ಮ್ಯಾಟ್ರಿಕ್ ಪಾಸಾಗಿದ್ದೆ. ಯಾವ ಬಸ್ಸು ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂದು ಪಟ್ಟಿ ಮಾಡಿದೆ. ಮಗಳ ವಿಳಾಸವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ದುಂಡಗೆ ಬರೆದೆ.

ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಅಳಿಯನ ತಾಯಿ ಬಾಣಂತಿಗೆಂದು ಅಂಟಿನ ಉಂಡೆಯ ಗಂಟು ತಂದು ಕಿಟಕಿಯಲ್ಲಿ ಕೊಟ್ಟಳು. “ದಿನಾ ಒಂದೊಂದು ಕೊಡ್ರಿ ಬೀಗರ. ಸೊಂಟಕ್ಕ ಬಲ ಬರತೈತಿ.”

ಮರುದಿನ ಗಡಿ ದಾಟಿದೆವು. ಗಡಿಯಾಚೆಯ ಬಸ್ಸು ನಮ್ಮನ್ನು ಒಂದು ಪೇಟೆಯಲ್ಲಿ ಇಳಿಸಿದಾಗ ಮಧ್ಯಾಹ್ನ ಎರಡು ಗಂಟೆ. ಮಗಳ ಊರಿನ ಬಸ್ಸು ಸಂಜೆಗಿತ್ತು. ಕಾಯುವಂತಿರಲಿಲ್ಲ, ಟ್ಯಾಕ್ಸಿಯ ಹತ್ತಿರ ಹೋದೆವು. ಕಾಕಾ ಗುರುತುಗಳಿದ್ದ ಸೊಂಟದ ಚೀಲಕ್ಕೆ ಕೈ ಹಾಕಿದರು.

“ಅದನ್ನ ಒಳಗಿಡ್ರಿ ಕಾಕಾ. ಪರದೇಶದಾಗ ಮಂದಿ ನಗತಾರ. ವಿಳಾಸ ಐತಲ್ಲ.”

“ನಕ್ಕರ ನಗಲಿ. ಹೋದ ಸಲಾನೂ ನಕ್ಕಿದ್ರು, ಆದ್ರ ಮುಟ್ಟಿಸಿದ್ರು.”

“ಬ್ಯಾಡ್ರಿ. ನಾ ಜೋಡಿ ಅದೀನಲ್ಲ.”

ಅವರು ನನ್ನ ಮುಖ ನೋಡಿ ಕೈ ಹೊರಗೆ ತೆಗೆದರು. ನಾನು ಚಾಲಕನಿಗೆ ಹಾಳೆ ಕೊಟ್ಟು, ಊರಿನ ಹೆಸರು ಅದರಲ್ಲೇ ಇದೆಯೆಂದು “ಚರ್ಚ್, ಚರ್ಚ್” ಎಂದಷ್ಟೇ ಹೇಳಿದೆ. ಅವನು ಹಾಳೆಯನ್ನು ಗಂಭೀರವಾಗಿ ನೋಡಿ ತಲೆಯಾಡಿಸಿದ. ನಾನು ಹೊರಟ ಸಮಯ ಬರೆದುಕೊಂಡೆ.

ಒಂದೂವರೆ ತಾಸಿನ ಮೇಲೆ ಅವನು ಒಂದು ದೊಡ್ಡ ಬಿಳಿ ಚರ್ಚಿನ ಮುಂದೆ ನಿಲ್ಲಿಸಿ ಬಾಗಿಲು ತೆರೆದ. ಪರ ಊರಿನವರೆಲ್ಲ ನೋಡಲು ಬರುವ ಚರ್ಚು ಅದು. ನಮ್ಮ ಹಾಳೆಯ ಒಂದಕ್ಷರವೂ ಅವನಿಗೆ ಬಂದಿರಲಿಲ್ಲ. ಅವನು ಓದು ಕಲಿತದ್ದು ಇಂಗ್ಲಿಷ್ ತರಹದ ಲಿಪಿಯಲ್ಲಿ. ಅದನ್ನು ಹೇಳಲು ಅವನಿಗೆ ನಾಚಿಕೆ, ಕೇಳಲು ನನಗೆ ಸೊಕ್ಕು. ಕಾಕಾ ನೀಲಿ ಚರ್ಚನ್ನು ಅವನ ಅಂಗೈಯಲ್ಲಿಟ್ಟರು.

“ಅರೇ, ಯೇ ಪಹಲೇ ಕ್ಯೋಂ ನಹೀ ದಿಖಾಯಾ?” ಎಂದ. ಇದನ್ನು ಮೊದಲೇ ಯಾಕೆ ತೋರಿಸಲಿಲ್ಲ ಎಂದು.

ಬಂದ ದಾರಿಯಲ್ಲೇ ತಿರುಗಿ, ಪೇಟೆ ದಾಟಿ ಮತ್ತೆರಡು ತಾಸು ಹೋಗಿ ಹೊಳೆಗೆ ಬರುವಷ್ಟರಲ್ಲಿ ಕತ್ತಲಾಗಿ ದೋಣಿಯ ಓಡಾಟ ನಿಂತಿತ್ತು. ಆಚೆ ದಡದ ಗುಡ್ಡದ ಮೇಲೆ ದೀಪಗಳು ಕಾಣುತ್ತಿದ್ದವು. ಕಾಕಾ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ದಡದ ಕಲ್ಲಿನ ಮೇಲೆ ಕೂತರು. ಬೆಳಗಿನ ಮೊದಲ ದೋಣಿಗೆ ದಾಟಿ ಹೋದಾಗ ಚಾಳಿನ ಮುಂದೆ ಜನ ನಿಂತಿದ್ದರು.

ಅಳಿಯ ಕಾಕಾನ ಕಾಲು ಹಿಡಿದು ಅತ್ತ. “ನಿನ್ನಿ ದೀಪಾ ಹಚ್ಚೂತನಕ ಮಾತಾಡಿದ್ಲರಿ ಮಾವಾ. ಅಪ್ಪ ಬಂದ್ನೇನು, ಬಂದ್ನೇನು ಅಂತ ಕೇಳತಿದ್ಲು.”

ದೀಪ ಹಚ್ಚುವ ಹೊತ್ತಿಗೆ ನಾವು ಟ್ಯಾಕ್ಸಿಯಲ್ಲಿದ್ದೆವು.

ವಾಪಸು ಬರುವಾಗ ಹುಕ್ಕೇರಿಯಲ್ಲಿ ಉಂಡೆಯ ಗಂಟನ್ನು ಬಿಚ್ಚದೆ ಮರಳಿ ಕೊಟ್ಟೆವು. ಬಸ್ಸು ಗೋಕಾಕ ಸಮೀಪಿಸಿದಾಗ ಕಾಕಾ ಒಂದೇ ಮಾತು ಆಡಿದರು. “ನಿನ್ನ ಅಕ್ಷರ ಚಲೋ ಇದ್ವು, ಕಾರಕೂನಾ. ಅವಗ ಓದಾಕ ಬರಲಿಲ್ಲ, ಅಷ್ಟ.”

ಬೈದಿದ್ದರೆ ನಾನು ಏನಾದರೂ ಹೇಳಬಹುದಿತ್ತು.

ಆಮೇಲೆ ಅವರು ಬಣ್ಣದ ಕೆಲಸವನ್ನು ಬೇರೆಯವರಿಗೆ ಬಿಟ್ಟು ಬರೀ ಕೆತ್ತನೆ ಮಾಡಿದರು. ನನ್ನ ದಿನಚರಿಯಲ್ಲಿ ಉಗುರಿನ ಸಾಲು ಅಲ್ಲಿಂದ ಖಾಲಿ. ಆ ಪ್ರಯಾಣದ ಪುಟದಲ್ಲಿ ಬಸ್ಸುಗಳ ಸಮಯವೆಲ್ಲ ಸರಿಯಾಗಿದೆ. ಕೆಳಗೆ ‘ಟ್ಯಾಕ್ಸಿಯವನು ದಾರಿ ತಪ್ಪಿದ’ ಎಂದು ಬರೆದಿದ್ದೆ. ಹೋದ ತಿಂಗಳು ಕಾಕಾ ತೀರಿಕೊಂಡರು. ಮಣ್ಣು ಕೊಟ್ಟು ಬಂದು ಆ ಸಾಲು ಹೊಡೆದುಹಾಕಿ, ‘ತಪ್ಪಿಸಿದವನು ನಾನು’ ಎಂದು ಬರೆದೆ.

ನೀಲಿ ಚರ್ಚು ಈಗ ನನ್ನ ಮೇಜಿನ ಮೇಲಿದೆ. ಗೋವಾದ ಯಾವ ಟ್ಯಾಕ್ಸಿಯವನಿಗೆ ತೋರಿಸಿದರೂ ಸರಿಯಾಗಿ ಮುಟ್ಟಿಸುತ್ತಾನೆ. ಆ ಚಾಳಿನಲ್ಲಿ ದಾರಿ ಕಾಯುವವರು ಈಗ ಯಾರೂ ಇಲ್ಲ.