ತನ್ನ ಮನೆಗೇ ಫೇಲ್ ಬರೆದ ಇನ್ಸ್‌ಪೆಕ್ಟರ್

ಟಣ್, ಟಣ್, ಟಣಾಟಣ್. ಶಹಾಬಾದಿನ ಆ ಓಣಿಯಲ್ಲಿ ಕೋಳಿ ಕೂಗುವ ಮೊದಲೇ ಮಜೀದಸಾಬನ ಉಳಿ ಕೂಗುತ್ತಿತ್ತು. ಖಂಡೆಪ್ಪನ ಮನೆಯ ಬೆನ್ನಿಗೇ ಅವನ ಫರ್ಶಿ ಕಲ್ಲಿನ ಅಂಗಳ. ರಾತ್ರಿಯ ತಂಪು ಹೀರಿದ ಹಾಸುಗಲ್ಲುಗಳು ಬೆಳಗಿನ ಮಬ್ಬಿನಲ್ಲಿ ನಿಂತ ನೀರಿನಂತೆ ಕಾಣುತ್ತಿದ್ದವು. ಬಿಸಿಲೇರಿದ ಮೇಲೆ ಅವೇ ಕಾದ ಹಂಚು. ಆ ಊರಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆಯೂ ಕಲ್ಲು. ತುಳಸಿ ನೆಡಬೇಕೆಂದರೂ ಕಾಗಿಣಾ ಹೊಳೆಯ ದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ತರಬೇಕು.

ಈ ಕಲ್ಲೇ ಖಂಡೆಪ್ಪನ ಸಂಸಾರಕ್ಕೆ ಅಡ್ಡ ಬಂದದ್ದು.

ಕಚೇರಿಗಳ ಬೋರ್ಡಿನ ಮೇಲೆ ಇನ್ನೂ ಮೈಸೂರು ರಾಜ್ಯವೆಂದು ಬರೆದಿದ್ದ ದಿನಗಳು. ಖಂಡೆಪ್ಪ ಪುರಸಭೆಯ ಲೈಟ್ ಇನ್ಸ್‌ಪೆಕ್ಟರ್. ಓಣಿಗಳಿಗೆ ಕಂಬ ಬಂದು ಹೊಸತು; ಯಾರ ಮನೆಗೆ ಕರೆಂಟು ಬೇಕಾದರೂ ಅವನು ವೈರಿಂಗ್ ನೋಡಿ ಸಹಿ ಮಾಡಬೇಕು. ಅವನ ಜೀವವೆಲ್ಲ ಅರ್ಥಿಂಗ್‌ನಲ್ಲಿ. ಗೋಡೆಯೋ ಮೀಟರಿನ ಪೆಟ್ಟಿಗೆಯೋ ಕರೆಂಟು ಹಿಡಿದರೆ ಅದು ಮನುಷ್ಯನ ಮೈ ಹತ್ತದೆ ನೆಲಕ್ಕಿಳಿಯಲು ಒಂದು ತಂತಿ, ತಂತಿಯ ತುದಿಗೆ ಹೂಳಿದ ತಾಮ್ರದ ಪ್ಲೇಟು, ಅದರ ಸುತ್ತ ಇದ್ದಿಲು, ಉಪ್ಪು, ತೇವದ ಮಣ್ಣು. ಹಿಂದೊಮ್ಮೆ ಬಟ್ಟೆ ಅಂಗಡಿಯೊಂದರ ಕಬ್ಬಿಣದ ಬಾಗಿಲು ಮುಟ್ಟಿ ಸೀರೆಗಳ ಗುಡ್ಡೆಯ ಮೇಲೆ ಹಾರಿ ಬಿದ್ದಿದ್ದ. ಸೀರೆಗಳು ಮೆತ್ತಗಿದ್ದವು, ಉಳಿದ. ಅಂದಿನಿಂದ ಅರ್ಥಿಂಗ್ ಸರಿಯಿಲ್ಲದ ಮನೆಗೆ ಅವನ ಪೆನ್ನು ಇಳಿಯುತ್ತಿರಲಿಲ್ಲ. ಕಲ್ಲಿನ ಊರಲ್ಲಿ ತೇವದ ಮಣ್ಣು ಎಲ್ಲಿಂದ ಬರಬೇಕು? ಓಣಿಯ ಅರ್ಧ ಮನೆಗಳು ಫೇಲಾಗಿ ಚಿಮಣಿ ಎಣ್ಣೆಗೆ ಪಾಳಿ ನಿಲ್ಲುತ್ತಿದ್ದವು.

ಅವನ ಮನೆಯೂ ಆ ಅರ್ಧದಲ್ಲೇ ಇತ್ತು.

ಹೆಂಡತಿ ಸುಂದರಬಾಯಿ ನಾಲವಾರದವಳು. ಹೋದ ಸಲ ಅವಳ ತಮ್ಮ ಅಂಬಾರಾಯ ಬಂದಾಗ ಕತ್ತಲಲ್ಲಿ ಹೊಸ್ತಿಲು ಎಡವಿ ಉಗುರು ಕಿತ್ತುಕೊಂಡಿದ್ದ. ಕಾಲು ಹಿಡಿದುಕೊಂಡೇ, "ಮಾಮಾ, ಊರಿಗೆಲ್ಲಾ ಬೆಳಕ ಹಂಚ್ತಿ, ನಮ್ಮಕ್ಕಗ ಒಂದು ಚಿಮಣಿ ಕೊಟ್ಟು ಕೂಡಿಸಿದಿ ನೋಡು," ಎಂದಿದ್ದ. ಈ ಶುಕ್ರವಾರ ಮತ್ತೆ ಬರುವವನಿದ್ದ. ಸುಂದರಬಾಯಿ ಟ್ರಂಕು ಕೆಳಗಿಳಿಸಿ ಸೀರೆ ಮಡಚತೊಡಗಿದಳು.

"ಅಂವ ಬರೂದ್ರಾಗ ಬಲ್ಬ್ ಹತ್ತಬೇಕು. ಹತ್ತಲಿಲ್ಲಂದ್ರ ಅವನ ಕೂಡ ನಾ ನಾಲವಾರಕ್ಕ ಹೋಗಾಕಿ. ಅಲ್ಲಿ ದನದ ಕೊಟ್ಟಿಗ್ಯಾಗೂ ಲೈಟ್ ಅದ."

"ಮತ್ತ ಹೊಳ್ಳಿ ಯಾವಾಗ ಬರ್ತಿ?"

"ನೀವು ಪಾಸಾದಾಗ."

ಮರುದಿನ ಮಧ್ಯಾಹ್ನ ಖಂಡೆಪ್ಪ ಖಾಕಿ ಕೋಟು ತೊಟ್ಟು, ಚರ್ಮದ ಚೀಲ ಬಗಲಿಗೇರಿಸಿ ತನ್ನದೇ ಮನೆಯ ಬಾಗಿಲು ತಟ್ಟಿದ. ಫೇಲಾದ ಮನೆಯವರೆಲ್ಲ ಕಟ್ಟೆಗಳ ಮೇಲೆ ಕುಳಿತು ನೋಡುತ್ತಿದ್ದರು. ಸ್ವಂತ ಮನೆಗೆ ಕಣ್ಣು ಮುಚ್ಚಿ ಸಹಿ ಹಾಕಿದ ಎಂದು ಒಬ್ಬರೂ ಅನ್ನಬಾರದು.

"ಯಾರದಾರ್ರಿ ಮನ್ಯಾಗ? ಪುರಸಭಾದಿಂದ ಬಂದೀನಿ. ವೈರಿಂಗ್ ನೋಡೋದದ."

ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಬಂದ ಸುಂದರಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮುಂಜಾನಿ ರೊಟ್ಟಿ ತಿಂದು ಹೋದವರು ನೀವೇ ಅಲ್ಲೇನ್ರಿ?"

"ಮನಿ ಯಜಮಾನ್ರು ಎಲ್ಲಿ, ಬಾಯಾರ?"

"ಡ್ಯೂಟಿ ಮ್ಯಾಲ ಹೋಗ್ಯಾರ. ಬಂದಮ್ಯಾಲ ಅವರ ತಲಿ ವೈರಿಂಗೂ ಒಮ್ಮಿ ನೋಡಿಸ್ಬೇಕು."

ಖಂಡೆಪ್ಪ ಮುಖ ಅಲುಗಿಸದೆ ಒಳಬಂದ. ಲೈನ್‌ಮನ್ ಜಟ್ಟೆಪ್ಪ ಕಂಬದಿಂದ ಒಂದು ತಂತಿ ಇಳಿಸಿಕೊಟ್ಟ. ಪರೀಕ್ಷೆಯ ಬಲ್ಬಿನ ಒಂದು ಕಡೆಗೆ ಆ ತಂತಿ, ಇನ್ನೊಂದು ಕಡೆಗೆ ಮನೆಯ ಅರ್ಥಿಂಗ್ ತಂತಿ. ಬಲ್ಬು ಬೆಳ್ಳಗೆ ಉರಿದರೆ ಪಾಸು. ಅದು ಸೇದಿ ಬಿಟ್ಟ ಬೀಡಿಯ ತುದಿಯಷ್ಟು ಕೆಂಪಾಗಿ ಸುಮ್ಮನಾಯಿತು.

"ಫೇಲ್," ಎಂದ ಖಂಡೆಪ್ಪ. ಕಟ್ಟೆಗಳ ಮೇಲೆ ಹರ್ಷವೋ ಹರ್ಷ.

ರಾತ್ರಿ ಊಟಕ್ಕೆ ಕುಳಿತಾಗ ತಾಟಿನಲ್ಲಿ ಒಣ ರೊಟ್ಟಿಯಷ್ಟೇ ಇತ್ತು. "ಪಲ್ಯಾ?" ಎಂದ.

"ಫೇಲ್ ಆಗ್ಯಾದ."

ಮಣ್ಣಿದ್ದದ್ದು ಒಂದೇ ಕಡೆ, ಪಕ್ಕದ ಮನೆಯ ಜಾನಬಿಯ ಹಿತ್ತಲಲ್ಲಿ. ಅಲ್ಲಿ ಯಾವುದೋ ಕಾಲದಲ್ಲಿ ಕಲ್ಲು ತೆಗೆದ ಖಣಿಯ ಗುಂಡಿ ಮಣ್ಣು ತುಂಬಿ ಮುಚ್ಚಿತ್ತು. ಜಾನಬಿಯ ಬಚ್ಚಲ ನೀರು ಅದರೊಳಕ್ಕೇ ಇಂಗಿ ಒಂದು ನುಗ್ಗೆಗಿಡ ಬೆಳೆದಿತ್ತು. ಬೂದುಬಣ್ಣದ ಓಣಿಯಲ್ಲಿ ಅದೊಂದೇ ಹಸಿರು. ಆದರೆ ಜಾನಬಿಯ ಮನೆಗೂ ಖಂಡೆಪ್ಪ ಫೇಲ್ ಬರೆದಿದ್ದ. ವಿಧವೆ ಹೆಂಗಸು, ಬಳೆ ವ್ಯಾಪಾರದವಳು. ಅವಳ ಬಾಯಿ ಬಳೆಗಿಂತ ಹೆಚ್ಚು ಸದ್ದು ಮಾಡುತ್ತಿತ್ತು.

"ಅರೆ, ಇನ್ಸ್‌ಪೆಕ್ಟರ್‌ಸಾಬ! ನನ್ನ ಮನೀಗಿ ಫೇಲ್ ಅಂದ್ರಿ, ಈಗ ನನ್ನ ಬಚ್ಚಲ ನೀರ ಬೇಕಾತೇನ್ರಿ?"

"ನಿಮ್ಮ ಮನೀಗೂ ಇಲ್ಲಿಂದೇ ತಂತಿ ಎಳೀತೀನಿ, ಜಾನಬಿ."

"ಹಾಂಗಾದ್ರ ನೀವೇ ಅಗೀರಿ. ಆಳು ಹಚ್ಚೋಹಂಗಿಲ್ಲ. ನಾ ಕುಂತು ನೋಡ್ಬೇಕು."

ಖಂಡೆಪ್ಪ ಅಗೆದು ತಾಮ್ರದ ಪ್ಲೇಟು ಹೂಳಿದ. ಜಾನಬಿ ಅಡಿಕೆ ಕತ್ತರಿಸುತ್ತ ಕುಳಿತು ನೋಡಿದಳು. ಗೋಡೆಯ ಮೇಲೆ ಮಜೀದಸಾಬನ ಗಡ್ಡ ಮೂಡಿತು. "ಉಪ್ಪು ಹಾಕ್ಲಿಕತ್ತಾರಲ್ಲ, ಏನದು?"

"ಕರೆಂಟಿನ ಉಪ್ಪಿನಕಾಯಿ," ಎಂದಳು ಜಾನಬಿ. "ಕಳಿತ ಮ್ಯಾಲ ನಿನಗೂ ಕೊಡ್ತೀನಿ."

ಮರುದಿನ ಅವಳು ಬಾಗಿಲಿಗೆ ಕೀಲಿ ಹಾಕಿಕೊಂಡು ವಾಡಿಗೆ, ಮಗಳ ಮನೆಗೆ ಹೋದಳು. ಉಪ್ಪು ಮಣ್ಣಿಗಿಳಿಯಲಿ, ಶುಕ್ರವಾರ ಪರೀಕ್ಷೆ ಮಾಡಿದರಾಯಿತೆಂದು ಖಂಡೆಪ್ಪ ನಿಶ್ಚಿಂತನಾಗಿದ್ದ. ಅವಳು ಹೋದರೆ ಬಚ್ಚಲೂ ಒಣಗುತ್ತದೆಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಶುಕ್ರವಾರ ಸಂಜೆ ಗಾಡಿ ಕೂಗಿತು. ಅಂಬಾರಾಯ ಇಂಜಿನ್ನಿನ ಮಸಿಯಲ್ಲಿ ಮುಖ ಕಪ್ಪಾಗಿಸಿಕೊಂಡು ಇಳಿದ; ಅದೇ ಗಾಡಿಗೆ ವಾಡಿಯಲ್ಲಿ ಹತ್ತಿದ್ದ ಜಾನಬಿಯೂ ಅವನ ಹಿಂದೆಯೇ ಓಣಿಗೆ ಬಂದಳು. ಆ ಹೊತ್ತಿಗೆ ಖಾಕಿ ಕೋಟಿನ ಖಂಡೆಪ್ಪ ಮನೆಯ ಮುಂದೆ ಪರೀಕ್ಷೆಯ ಬಲ್ಬು ಹಿಡಿದು ನಿಂತಿದ್ದ. ಬಲ್ಬು ಮತ್ತೆ ಬೀಡಿಯ ತುದಿ. ಅವನ ಮುಖದಲ್ಲಿ ಅಷ್ಟೂ ಬೆಳಕಿರಲಿಲ್ಲ. ಹೊಸ್ತಿಲಲ್ಲಿ ಟ್ರಂಕು ತಯಾರಾಗಿ ಕುಳಿತಿತ್ತು.

"ಮಣ್ಣ ಒಣಗ್ಯಾದ," ಎಂದ ಮೆಲ್ಲಗೆ. "ನೀರ ಹಾಕ್ಬೇಕು."

"ಈ ಬ್ಯಾಸಗ್ಯಾಗ ಸುಮ್ಮನ ನೆಲಕ್ಕ ನೀರ ಚೆಲ್ಲೋದೇನ್ರಿ?" ಎಂದಳು ಸುಂದರಬಾಯಿ. ಒಂದು ಗಳಿಗೆ ಗಂಡನ ಮುಖ ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ಅಂಬಾರಾಯ, ಮೈಯೆಲ್ಲಾ ಮಸಿ ಆಗ್ಯಾದ. ನಡಿ, ಜಳಕ ಮಾಡು. ನಮ್ಮ ಬಚ್ಚಲದಾಗ ಅಲ್ಲ, ಜಾನಬಿ ಅಕ್ಕನ ಬಚ್ಚಲದಾಗ."

"ಯಾಕಕ್ಕಾ?"

"ನಿನ್ನ ಉಗುರ ಉಳೀಬೇಕಂದ್ರ ಮಾಡು."

ಜಾನಬಿ ಕೀಲಿ ತೆಗೆದಳು. ಸುಂದರಬಾಯಿ ತನ್ನ ಹಂಡೆಯನ್ನೇ ಎತ್ತಿ ಕೊಟ್ಟಳು. ಅಂಬಾರಾಯ ತಂಬಿಗೆಯಿಂದ ಸುರಿದುಕೊಂಡ.

"ನಿಲ್ಲು!" ಎಂದು ಖಂಡೆಪ್ಪ ಇತ್ತಲಿಂದ ಕೂಗಿದ. "ಕರೆಂಟ್ ಹಚ್ಚಾಕತ್ತೀನಿ, ದೂರ ಕಲ್ಲಿನ ಮ್ಯಾಲ ನಿಲ್ಲು. ನೀರ ಮುಟ್ಟಬ್ಯಾಡ."

ಅಂಬಾರಾಯ ಸಾಬೂನಿನ ನೊರೆಯಲ್ಲಿ ಕಣ್ಣು ಮುಚ್ಚಿ ಕಲ್ಲಿನ ಮೇಲೆ ನಿಂತ. ಬಲ್ಬು ಕೆಂಪಗಾಯಿತು. ತಂತಿ ತೆಗೆದರು, ಅವನು ಮತ್ತೆ ಸುರಿದುಕೊಂಡ, ಮತ್ತೆ ಕಲ್ಲು ಹತ್ತಿದ. ಬಲ್ಬು ಅರಿಶಿನದ ಬಣ್ಣಕ್ಕೆ ಬಂತು.

"ಮಾಮಾ, ಕಣ್ಣು ಉರಿಲಿಕತ್ತಾವ! ಪಾಸಾದ್ನೋ ಇಲ್ಲೋ?"

"ಇನ್ನಷ್ಟು ಹಾಕ್ಕೋರಿ, ಅಂಬಾರಾಯಣ್ಣಾ!" ಎಂದು ಓಣಿಯೇ ಕೂಗಿತು. ಫೇಲಾದವರೂ ತಮ್ಮ ತಮ್ಮ ಕೊಡ ಹಿಡಿದುಕೊಂಡು ಬಂದಿದ್ದರು.

ಕೊನೆಯ ಕೊಡ ಇಂಗಿದ ಮೇಲೆ ಬಲ್ಬು ಬೆಳ್ಳಗೆ ಉರಿಯಿತು. ಆ ಬೆಳಕು ಸುಂದರಬಾಯಿಯ ಮೂಗುತಿಯ ಮೇಲೆ ಕುಳಿತದ್ದನ್ನು ಖಂಡೆಪ್ಪ ಕಂಡ. ಕಂಡರೂ ಕಾಣದವನಂತೆ ಪೆನ್ನು ತೆಗೆದು ಸಹಿ ಮಾಡಿದ. "ಎರಡೂ ಮನಿ ಪಾಸ್." ಜಟ್ಟೆಪ್ಪ ಕಂಬ ಹತ್ತಿದ. ಸ್ವಲ್ಪ ಹೊತ್ತಿಗೆ ಮನೆಯೊಳಗೆ ಕಲ್ಲಿನ ಗೋಡೆಗಳು ಬೆಳದಿಂಗಳು ಕುಡಿದಂತೆ ಬೆಳಗಿದವು. ಸುಂದರಬಾಯಿ ಟ್ರಂಕನ್ನು ಕಾಲಿನಿಂದಲೇ ಒಳಗೆ ದೂಡಿದಳು.

"ಸಾಹೇಬ್ರ, ಬರ್ರಿ, ಕುಂದ್ರಿ. ಚಹಾ ಕುಡಿದು ಹೋಗ್ರಿ," ಎಂದಳು, ನಗು ತಡೆದುಕೊಂಡು.

"ಬ್ಯಾಡ್ರಿ ಬಾಯಾರ," ಎಂದು ಖಂಡೆಪ್ಪ ಚೀಲ ಬಗಲಿಗೇರಿಸಿದ. "ಡ್ಯೂಟಿ ಮ್ಯಾಲ ಇದ್ದಾಗ ಯಾರ ಮನ್ಯಾಗೂ ಕುಡ್ಯಾಂಗಿಲ್ಲ. ಆಫೀಸಿನ್ಯಾಗ ಕೋಟ್ ಬಿಚ್ಚಿಟ್ಟು ಬರ್ತೀನಿ. ನಿಮ್ಮ ಯಜಮಾನ್ರು ಮನಿಗೆ ಬಂದಮ್ಯಾಲ, ಸಕ್ರಿ ಒಂದೀಟು ಜಾಸ್ತಿ ಹಾಕಿ, ಪಲ್ಯಾ ಏನರೆ ಪಾಸಾಗಿದ್ರ ಅದನೂ..." ಎನ್ನುತ್ತ ಅವನು ಆಗಲೇ ಓಣಿಯ ತಿರುವು ದಾಟಿದ್ದ.